ಆನೆಗೆ ಹಾಕಿದ ಓಟು ಎಲ್ಲಿಗೆ ಹೋಯ್ತು?

ಒಂದು ಓಟಿನ ಬೆಲೆ ಎಷ್ಟು ಅಂತ ನಮ್ಮ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2004ರಲ್ಲಿ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು! ಕೃಷ್ಣಮೂರ್ತಿಯವರ ಕಾರಿನ ಡ್ರೈವರ್‌ಗೆ ಅವತ್ತು ಓಟು ಹಾಕೋಕೆ ಬಿಡುವೇ ಸಿಗಲಿಲ್ಲವಂತೆ ಅನ್ನೋ ಕಥೆಯನ್ನು ಮಾಂಬಳ್ಳಿಯ ಟೀ ಅಂಗಡಿಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಓಟು ಎಣಿಸುವಾಗ ನಾವು ಅಷ್ಟು ಕಟ್ಟುನಿಟ್ಟು. ಎಣಿಸಿ ಮುಗಿದ ಮೇಲೆ ಆ ಓಟನ್ನು ಗೆದ್ದವರು ಏನು ಮಾಡುತ್ತಾರೆ ಅನ್ನುವುದಕ್ಕೆ ಮಾತ್ರ ಲೆಕ್ಕವೂ ಇಲ್ಲ, ಪತ್ರವೂ ಇಲ್ಲ.

2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಂತೆಮರಹಳ್ಳಿ ಕ್ಷೇತ್ರ ಹೋಯಿತು, ಯಳಂದೂರು ಭಾಗದ ನಾವು ಕೊಳ್ಳೇಗಾಲಕ್ಕೆ ಸೇರಿದೆವು. ಅಲ್ಲಿಂದ ಈಚೆಗೆ ಈ ಒಂದು ಮೀಸಲು ಕ್ಷೇತ್ರದಲ್ಲಿ ಆಗಿರುವುದನ್ನು ಸಾಲಾಗಿ ನೋಡಿ. 2008ರಲ್ಲಿ ಧ್ರುವನಾರಾಯಣ ಗೆದ್ದರು. ಒಂದೇ ವರ್ಷಕ್ಕೆ ಲೋಕಸಭೆಗೆ ನಿಂತು ಗೆದ್ದು, ಶಾಸಕ ಸ್ಥಾನ ಬಿಟ್ಟರು. ಅವರು ಒಳ್ಳೆಯ ಸಂಸದರಾದರು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಐದು ವರ್ಷಕ್ಕೆ ಅಂತ ಕೊಟ್ಟ ಓಟು ಒಂದೇ ವರ್ಷಕ್ಕೆ ಮುಗಿಯಿತು, ಸರ್ಕಾರಿ ಖರ್ಚಿನಲ್ಲಿ ಮತ್ತೆ ಚುನಾವಣೆ. ಕಾನೂನುಬಾಹಿರವಾ? ಅಲ್ಲವೇ ಅಲ್ಲ. 2009ರ ಆ ಉಪಚುನಾವಣೆಯಲ್ಲಿ ಬಿಜೆಪಿಯ ಜಿ.ಎನ್. ನಂಜುಂಡಸ್ವಾಮಿ ಗೆದ್ದರು. 2010ರ ಅಕ್ಟೋಬರಿನಲ್ಲಿ ಯಡಿಯೂರಪ್ಪನವರ ಮೇಲೆ ವಿಶ್ವಾಸವಿಲ್ಲ ಅಂತ ರಾಜ್ಯಪಾಲರಿಗೆ ಪತ್ರ ಕೊಟ್ಟ ಬಿಜೆಪಿ ಶಾಸಕರಲ್ಲಿ ಅವರೂ ಒಬ್ಬರು. ವಿಶ್ವಾಸಮತದ ಹಿಂದಿನ ರಾತ್ರಿ ಸ್ಪೀಕರ್ ಬೋಪಯ್ಯ ಅವರನ್ನೆಲ್ಲ ಅನರ್ಹಗೊಳಿಸಿದರು, ಸರ್ಕಾರ ಉಳಿಯಿತು. ಆ ಆದೇಶವೇ ತಪ್ಪು ಅಂತ ಸುಪ್ರೀಂ ಕೋರ್ಟು ಹೇಳುವಷ್ಟರಲ್ಲಿ 2011ರ ಮೇ ಬಂದಿತ್ತು. ಅಲ್ಲಿಯವರೆಗೆ ಏಳು ತಿಂಗಳು ಕೊಳ್ಳೇಗಾಲಕ್ಕೆ ಶಾಸಕರೇ ಇಲ್ಲ.

ಇದೆಲ್ಲ ಪೀಠಿಕೆ. ನನ್ನ ನಿಜವಾದ ತಕರಾರು 2018ರದ್ದು.

ಎನ್. ಮಹೇಶ್ ಸರ್ಕಾರಿ ಅಧಿಕಾರಿಯ ಕೆಲಸ ಬಿಟ್ಟು ಬಿಎಸ್‌ಪಿ ಕಟ್ಟಿದವರು. ಹಲವು ಸಲ ಸೋತರೂ ಕ್ಷೇತ್ರ ಬಿಡಲಿಲ್ಲ. ಕೂಲಿ ಬಿಟ್ಟು ನೀಲಿ ಬಾವುಟ ಹಿಡಿದು ಓಡಾಡಿದವರನ್ನು ನಮ್ಮ ಕೇರಿಗಳಲ್ಲಿ ನಾನೇ ಕಂಡಿದ್ದೇನೆ. 2018ರಲ್ಲಿ ಜೆಡಿಎಸ್ ಹೊಂದಾಣಿಕೆಯಲ್ಲಿ ನಿಂತು 19 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ರಾಜ್ಯಕ್ಕೆಲ್ಲ ಆನೆಗೆ ಇದ್ದದ್ದು ಇದೊಂದೇ ಸೀಟು. ಕುಮಾರಸ್ವಾಮಿ ಸಂಪುಟದಲ್ಲಿ ಶಿಕ್ಷಣ ಮಂತ್ರಿಯಾದರು, ಅದೇ ಅಕ್ಟೋಬರಿನಲ್ಲಿ ರಾಜೀನಾಮೆಯನ್ನೂ ಕೊಟ್ಟರು. ಖಾತೆ ಬಿಟ್ಟುಕೊಡುವುದು ಸುಲಭದ ಮಾತಲ್ಲ, ಅದಕ್ಕೆ ಮೆಚ್ಚಲೇಬೇಕು.

2019ರ ಜುಲೈ 23ರಂದು ವಿಶ್ವಾಸಮತ. ತಟಸ್ಥವಾಗಿರಲು ತಮ್ಮ ಹೈಕಮಾಂಡ್ ಹೇಳಿದೆ ಎಂದು ಮಹೇಶ್ ಮೊದಲು ಹೇಳಿದ್ದರು. ಆಮೇಲೆ ಮಾಯಾವತಿಯವರು ಕುಮಾರಸ್ವಾಮಿ ಪರ ಮತ ಹಾಕಬೇಕೆಂದು ಬಹಿರಂಗವಾಗಿಯೇ ಸೂಚಿಸಿದರು. ಮಹೇಶ್ ಸದನಕ್ಕೆ ಬರಲಿಲ್ಲ. 99ಕ್ಕೆ 105ರಂತೆ ಸರ್ಕಾರ ಬಿತ್ತು. ಅವರೊಬ್ಬರು ಬಂದಿದ್ದರೂ ಬೀಳುತ್ತಿತ್ತು, ಅದು ಬೇರೆ ಮಾತು. ಅದೇ ರಾತ್ರಿ ಮಾಯಾವತಿ ಅವರನ್ನು ಪಕ್ಷದಿಂದ ಉಚ್ಚಾಟಿಸಿದರು.

ಉಚ್ಚಾಟನೆ ಅಂದರೆ ಶಿಕ್ಷೆ ಅಂತ ತಾನೇ ನಾವು ತಿಳಿದಿರೋದು? ಇಲ್ಲಿ ಆದದ್ದು ನೋಡಿ. ಪಕ್ಷ ಹೋಯಿತು, ಸೀಟು ಉಳಿಯಿತು. ಪಕ್ಷವನ್ನು ತಾನಾಗಿ ಬಿಟ್ಟವನು ಹತ್ತನೇ ಅನುಸೂಚಿಯಡಿ ಸ್ಥಾನ ಕಳೆದುಕೊಳ್ಳುತ್ತಾನೆ. ಪಕ್ಷವೇ ಹೊರಗೆ ಹಾಕಿದರೆ ಆ ಕುಣಿಕೆ ಸಡಿಲ. 2021ರ ಆಗಸ್ಟ್‌ನಲ್ಲಿ ಮಹೇಶ್ ಬಿಜೆಪಿ ಸೇರಿದರು. 2023ರವರೆಗೂ ಕೊಳ್ಳೇಗಾಲದ ಶಾಸಕರಾಗಿಯೇ ಇದ್ದರು. ಆನೆಗೆ ಓಟು ಹಾಕಿದ್ದ ನಮ್ಮೂರಿನ ಹಿರಿಯರೊಬ್ಬರು, "ನಾವು ಓಟಾಕುದ್ದು ಆನಗ ಕನಪ್ಪ, ಈಗ ನೋಡುದ್ರ ಕಮ್ಲ. ನಮ್ಮನ್ನ ಒಂದ್ ಮಾತ್ನಾದ್ರೂ ಕೇಳುದ್ರಾ?" ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಬರೆಯಲು ಬರುವುದಿಲ್ಲ.

ಕಾನೂನು ಇದನ್ನು ಒಪ್ಪಿಕೊಂಡಿದೆಯಾ ಅಂದರೆ, ಹೌದು ಅನ್ನಲೂ ಆಗದು, ಇಲ್ಲ ಅನ್ನಲೂ ಆಗದು. 1996ರಲ್ಲಿ ತಮಿಳುನಾಡಿನ ವಿಶ್ವನಾಥನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಉಚ್ಚಾಟಿತನಾದರೂ ಆತ ಗೆದ್ದ ಪಕ್ಷದವನೇ, ಬೇರೆ ಪಕ್ಷ ಸೇರಿದರೆ ಸ್ಥಾನ ಹೋಗುತ್ತದೆ ಎಂದಿತ್ತು. ಮುಂದೆ ಸಮಾಜವಾದಿ ಪಕ್ಷದಿಂದ ಹೊರಬಿದ್ದ ಅಮರ್ ಸಿಂಗ್, ಜಯಪ್ರದಾ ಅದನ್ನೇ ಪ್ರಶ್ನಿಸಿದರು. 2010ರಲ್ಲಿ ಪ್ರಶ್ನೆ ದೊಡ್ಡ ಪೀಠಕ್ಕೆ ಹೋಯಿತು. 2016ರ ಹೊತ್ತಿಗೆ ಅವರ ಅವಧಿಗಳೇ ಮುಗಿದಿದ್ದರಿಂದ ಉತ್ತರ ಹೇಳದೆ ಕೋರ್ಟು ಕೈಬಿಟ್ಟಿತು. ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಗೊತ್ತಿಲ್ಲದಿದ್ದಾಗ ಜನ ಓಡಾಡುತ್ತಲೇ ಇರುತ್ತಾರೆ. ಮೇಲಾಗಿ ತೀರ್ಮಾನ ಕೊಡಬೇಕಾದವರು ಸ್ಪೀಕರ್, ಅಂದರೆ ಸಾಮಾನ್ಯವಾಗಿ ಆಳುವ ಪಕ್ಷದಿಂದಲೇ ಗೆದ್ದುಬಂದವರು. 2010ರಲ್ಲಿ ಒಂದೇ ರಾತ್ರಿಯಲ್ಲಿ ಆದ ಕೆಲಸ ಬೇರೆ ಕಡೆ ವರ್ಷಗಟ್ಟಲೆ ಆಗುವುದಿಲ್ಲ. ಇದನ್ನು ಸ್ವತಂತ್ರ ನ್ಯಾಯಮಂಡಳಿಗೆ ಕೊಡುವ ಬಗ್ಗೆ ಯೋಚಿಸಿ ಎಂದು 2020ರ ಜನವರಿಯಲ್ಲಿ ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟೇ ಸಂಸತ್ತಿಗೆ ಹೇಳಿದೆ.

ಇದು ಬಿಜೆಪಿಯೊಬ್ಬರ ಕಲೆ ಅಂತ ಕಾಂಗ್ರೆಸ್ ಗೆಳೆಯರು ಹೇಳಿದರೆ ನಗು ಬರುತ್ತದೆ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದಲ್ಲಿ ಇದೇ ಆನೆ ಗುರುತಿನಿಂದ ಗೆದ್ದ ಆರಕ್ಕೆ ಆರೂ ಶಾಸಕರು ಕಾಂಗ್ರೆಸ್ ಸೇರಿದರು. ಅದಕ್ಕೆ 'ವಿಲೀನ' ಅಂತ ಹೆಸರು. ಮೂರನೇ ಎರಡು ಭಾಗ ಒಟ್ಟಾಗಿ ಹೋದರೆ ಕಾನೂನು ಏನೂ ಅನ್ನುವುದಿಲ್ಲ. ಒಬ್ಬ ಹಾರಿದರೆ ತಪ್ಪು, ಗುಂಪಾಗಿ ಹಾರಿದರೆ ಸರಿ ಅನ್ನೋದು ಯಾವ ನ್ಯಾಯ?

ಮೂರನೆಯ ದಾರಿ ರಾಜೀನಾಮೆ. ಇದರಲ್ಲಿ ಕರ್ನಾಟಕವೇ ದೇಶಕ್ಕೆ ಗುರು. 2008ರಲ್ಲಿ ಶುರುವಾದ ಆಪರೇಷನ್ ಕಮಲದ ದೊಡ್ಡ ಆವೃತ್ತಿ 2019ರದ್ದು. ಸ್ಪೀಕರ್ ರಮೇಶ್ ಕುಮಾರ್ 17 ಮಂದಿಯನ್ನು ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅನರ್ಹರೆಂದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆ ಸರಿ, ಅವಧಿ ಮುಗಿಯುವವರೆಗೆ ಅನ್ನುವುದು ಸಲ್ಲದು ಎಂದಿತು. ಡಿಸೆಂಬರಿನ ಉಪಚುನಾವಣೆಗೆ ಬಿಜೆಪಿ ಅವರಲ್ಲಿ 13 ಮಂದಿಗೆ ಟಿಕೆಟ್ ಕೊಟ್ಟಿತು, 11 ಮಂದಿ ಗೆದ್ದರು. ಫೆಬ್ರವರಿಯಲ್ಲಿ ಹತ್ತು ಮಂದಿ ಮಂತ್ರಿಗಳು. ಸೋತ ಎಂ.ಟಿ.ಬಿ. ನಾಗರಾಜ್ ವಿಧಾನ ಪರಿಷತ್ತಿನ ಮೂಲಕ ಬಂದು ಅವರೂ ಮಂತ್ರಿಯಾದರು. ಮುಂಬಾಗಿಲಲ್ಲಿ ಜನ ಬೇಡ ಅಂದರೆ ಹಿತ್ತಲ ಬಾಗಿಲು ಇದ್ದೇ ಇದೆ.

ಜನರೇ ಬುದ್ಧಿ ಕಲಿಸುತ್ತಾರಲ್ಲ, ಕಾನೂನು ಯಾಕೆ ಅಂತ ಕೇಳುವವರಿದ್ದಾರೆ. ನಮ್ಮಲ್ಲಿ ಕಲಿಸಿದ್ದೂ ನಿಜ. 2023ರಲ್ಲಿ ಮಹೇಶ್ 59 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಗೆದ್ದವರು ಯಾರು ಗೊತ್ತಾ? ಒಂದು ಓಟಿನಿಂದ ಸೋತಿದ್ದ ಅದೇ ಕೃಷ್ಣಮೂರ್ತಿ! ಆದರೆ ಉಚ್ಚಾಟನೆಯಾದಾಗಿನಿಂದ ಆ ದಿನದವರೆಗೆ ಹತ್ತಿರ ಹತ್ತಿರ ನಾಲ್ಕು ವರ್ಷ ಕಾಯಬೇಕಾಯಿತು. ಮತ್ತೆ, 2019ರ ಆ 11 ಮಂದಿಯನ್ನು ಜನ ಶಿಕ್ಷಿಸಲಿಲ್ಲವಲ್ಲ? ಅಧಿಕಾರದಲ್ಲಿರುವ ಪಕ್ಷದ ಹುರಿಯಾಳಾಗಿ ಉಪಚುನಾವಣೆಗೆ ನಿಲ್ಲುವುದು ಸಮಬಲದ ಕುಸ್ತಿ ಅಲ್ಲ.

ಕೃಷ್ಣಮೂರ್ತಿಯವರೂ ಪಕ್ಷ ಬದಲಿಸಿದವರೇ. 2004ರಲ್ಲಿ ಜೆಡಿಎಸ್, 2014ರ ಲೋಕಸಭೆಗೆ ಬಿಜೆಪಿ, 2018ಕ್ಕೆ ಕಾಂಗ್ರೆಸ್. ಹಾಗಾದರೆ ಅವರನ್ನೂ ಬಯ್ಯಬೇಕಲ್ಲ ಅನ್ನಬಹುದು. ನಾನು ಬಯ್ಯುವುದಿಲ್ಲ. ಆ ಒಂದೊಂದು ಸಲವೂ ಹೊಸ ಗುರುತು ಹಿಡಿದು ಜನರ ಮುಂದೆ ಬಂದು ನಿಂತರು, ಜನ ಸೋಲಿಸಿದರೆ ಸೋತರು. ಮನಸ್ಸು ಬದಲಾಗುವುದು ಅಪರಾಧವಲ್ಲ. ಇನ್ನೊಂದು ಗುರುತಿಗೆ ಬಿದ್ದ ಓಟನ್ನು ಜೇಬಿನಲ್ಲಿ ಇಟ್ಟುಕೊಂಡು ಬದಲಾಗುವುದನ್ನು ಕಾನೂನು ನಿಷೇಧಿಸಬೇಕು. ಉಚ್ಚಾಟನೆಯೋ ವಿಲೀನವೋ ರಾಜೀನಾಮೆಯೋ, ಯಾವ ದಾರಿಯಲ್ಲಿ ಹೋದರೂ ಇನ್ನೊಂದು ಪಕ್ಷ ಸೇರಿದ ದಿನವೇ ಸೀಟು ಖಾಲಿಯಾಗಬೇಕು. ಆ ಸದನದ ಅವಧಿ ಮುಗಿಯುವವರೆಗೆ ಮಂತ್ರಿಗಿರಿ, ನಿಗಮ ಮಂಡಳಿ ಯಾವುದೂ ಸಿಗಬಾರದು. ಇದಕ್ಕೆ ಹತ್ತಿರದ ಮಾತನ್ನು 2002ರಲ್ಲೇ ಸಂವಿಧಾನ ಪರಾಮರ್ಶೆ ಆಯೋಗ ಹೇಳಿತ್ತು. 2003ರ ತಿದ್ದುಪಡಿಯಲ್ಲಿ ಮೂರನೇ ಒಂದು ಭಾಗದ 'ವಿಭಜನೆ' ಹೋಯಿತು, ವಿಲೀನವನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡರು.

ಹಾಗೆ ಬಿಗಿ ಮಾಡಿದರೆ ಶಾಸಕರು ಹೈಕಮಾಂಡಿನ ಜೀತದಾಳುಗಳಾಗುತ್ತಾರೆ ಎಂಬ ಆತಂಕ ನನಗೂ ಇದೆ. ಈಗಲೂ ವಿಪ್ ಬಂದರೆ ಬಾಯಿ ಮುಚ್ಚಬೇಕು. ಆ ವಿಪ್ಪನ್ನು ಸರ್ಕಾರದ ಉಳಿವಿನ ಪ್ರಶ್ನೆ ಬಂದಾಗ ಮಾತ್ರ ಇಟ್ಟುಕೊಂಡು, ಉಳಿದ ಮಸೂದೆಗಳಿಗೆ ಶಾಸಕರನ್ನು ಅವರ ಪಾಡಿಗೆ ಬಿಡಿ. ನಮ್ಮ ಶಾಸಕರು ಪಕ್ಷದ ವಿರುದ್ಧ ನೂರು ಸಲ ಮಾತಾಡಲಿ, ಕೇಳೋಕೆ ನಮಗೂ ಖುಷಿ.

ಅನುಸೂಚಿ ತಿದ್ದುವುದು ಸಂಸತ್ತಿನ ಕೆಲಸ, ಬೆಂಗಳೂರಿನ ಕೈಯಲ್ಲಿಲ್ಲ ಎಂಬ ನೆಪ ರೆಡಿ ಇರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಹಿಮಾಚಲ ಪ್ರದೇಶದ ವಿಧಾನಸಭೆ, ಪಕ್ಷಾಂತರದಿಂದ ಅನರ್ಹರಾದ ಶಾಸಕರಿಗೆ ಪಿಂಚಣಿ ಇಲ್ಲ ಎಂಬ ಮಸೂದೆ ಅಂಗೀಕರಿಸಿತು. ಶಾಸಕರ ಸಂಬಳ, ಪಿಂಚಣಿಯ ಕಾನೂನು ಮಾಡುವುದು ಆಯಾ ರಾಜ್ಯದ ವಿಧಾನಮಂಡಲವೇ. ತಮ್ಮ ಸಂಬಳ ಏರಿಸಿಕೊಳ್ಳುವ ಮಸೂದೆಗೆ ಪಕ್ಷಭೇದ ಮರೆತು ಕೈ ಎತ್ತುವ ನಮ್ಮವರು, ಇದಕ್ಕೂ ಒಂದು ಮಧ್ಯಾಹ್ನ ಕೊಡಬಹುದು.