ಅಪುಲೇಯಸನ ಕಥೆಯಲ್ಲಿ ಗುಲಾಬಿ

ಕ್ರಿ.ಶ. 2ನೆಯ ಶತಮಾನದಲ್ಲಿ ಅಪುಲೇಯಸನು ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ‘ಸುವರ್ಣ ಗರ್ದಭ’ವು 11 ಭಾಗಗಳ ಗದ್ಯಕಥೆ. ಅದರ ಕಡೆಯ ಭಾಗದ ಭಕ್ತಿಯು ವಿನೋದಕಥೆಗೆ ಹೊರಗಿನಿಂದ ಅಂಟಿಸಿದುದೆಂದು ಕೆಲವು ವಿಮರ್ಶಕರು ಆಕ್ಷೇಪಿಸಿರುವುದುಂಟು. ಗುಲಾಬಿಯೆಂಬ ಒಂದೇ ವಸ್ತುವಿನ ಜಾಡನ್ನು ಹಿಡಿದು ನೋಡಿದರೆ ಈ ಆಕ್ಷೇಪ ನಿಲ್ಲಲಾರದು.

ಮಾಟದ ಮೋಹಕ್ಕೊಳಗಾದ ಲೂಸಿಯಸನು ತಪ್ಪು ಭರಣಿಯ ಲೇಪನವನ್ನು ಪೂಸಿಕೊಂಡು ಕತ್ತೆಯಾಗುತ್ತಾನೆ. ಬುದ್ಧಿ ಮಾತ್ರ ಮನುಷ್ಯನದಾಗಿಯೇ ಉಳಿಯುತ್ತದೆ. ಗುಲಾಬಿಯನ್ನು ಮೆದ್ದರೆ ಪೂರ್ವರೂಪ ಲಭ್ಯ. ಅಂದಿನ ರಾತ್ರಿಯೇ ಲಾಯದಲ್ಲಿ ಎಪೋನಾ ದೇವತೆಗೆ ಏರಿಸಿದ್ದ ಗುಲಾಬಿಗೆ ಬಾಯಿ ಚಾಚುತ್ತಾನೆ. ಅವನ ಸೇವಕನೇ ಅವನನ್ನು ಹೊಡೆಯುತ್ತಾನೆ. ಮುಂದೆ, ದೂರದಿಂದ ಗುಲಾಬಿಯೆಂದು ತೋರಿದುದು ಪರಿಮಳವಿಲ್ಲದ ವಿಷಪುಷ್ಪವಾಗಿರುತ್ತದೆ. ಕೊನೆಗೆ, ಕನಸಿನಲ್ಲಿ ಐಸಿಸ್ ದೇವಿ ಅಪ್ಪಣೆಯಿತ್ತಂತೆ, ಮೆರವಣಿಗೆಯಲ್ಲಿ ಬಂದ ಅರ್ಚಕನು ನೀಡಿದ ಗುಲಾಬಿಮಾಲೆಯನ್ನು ಮೆದ್ದು ಮನುಷ್ಯನಾಗುತ್ತಾನೆ.

ಮೊದಲನೆಯದು ಕಸಿಯಹೋದ ಹೂವು. ಎರಡನೆಯದು ಕಣ್ಣನ್ನು ವಂಚಿಸಿದ ಹೂವು. ಮೂರನೆಯದು ಅನುಗ್ರಹವಾಗಿ ಬಂದ ಹೂವು. ನಾಲಗೆ ಅದೇ, ಹಸಿವೂ ಅದೇ. ಪಡೆಯುವ ಬಗೆ ಮಾತ್ರ ಬೇರೆ. ಕವಿಯು ಇಂದ್ರಿಯಗಳನ್ನು ನಿರಾಕರಿಸಿ ಲೂಸಿಯಸನಿಗೆ ಬಿಡುಗಡೆಯನ್ನು ಕೊಡಿಸುವುದಿಲ್ಲ. ವಿಷಯಸುಖಕ್ಕೆ ಎಳಸಿದ ನಾಲಗೆಯಿಂದಲೇ ಅದನ್ನು ಕೊಡಿಸುತ್ತಾನೆ. ಆದುದರಿಂದ 11ನೆಯ ಭಾಗವು ಅಂಟಿಸಿದ ನೀತಿಯಲ್ಲ. 3ನೆಯ ಭಾಗದಲ್ಲಿ ಬಿತ್ತಿದ ಬೀಜದ ಫಲವೇ ಅದು.