ಕ್ಲಬ್ಬಿನ ಹೊಸ್ತಿಲು

ಕ್ಲಬ್ಬು ಎಂದೊಡನೆ ನಮ್ಮ ಹೆಂಗಸರ ಮುಖ ಗಂಟಿಕ್ಕಿಕೊಳ್ಳುತ್ತದೆ. ಇಸ್ಪೀಟು, ಸಿಗರೇಟಿನ ಹೊಗೆ, ಮನೆಯಲ್ಲಿ ಆರಿಹೋದ ಸಾರು, ಇಷ್ಟೇ ನಮಗೆ ನೆನಪಾಗುವುದು. ಆದರೆ ಇಂಗ್ಲೆಂಡಿನ ಗಣಿ ಊರುಗಳ ಕಾರ್ಮಿಕರ ಕ್ಲಬ್ಬುಗಳನ್ನು ಹಾಗೆ ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ.

1862ರಲ್ಲಿ ಹೆನ್ರಿ ಸಾಲಿ ಎಂಬ ಪಾದ್ರಿ ಈ ಕ್ಲಬ್ಬುಗಳ ಒಕ್ಕೂಟ ಕಟ್ಟಿದರು. ಕೂಲಿಯವನನ್ನು ಹೆಂಡದಂಗಡಿಯಿಂದ ಬಿಡಿಸಿ ಪತ್ರಿಕೆ, ಪುಸ್ತಕ, ಉಪನ್ಯಾಸಗಳ ಕಡೆ ತಿರುಗಿಸಬೇಕೆಂಬುದು ಅವರ ಆಸೆ. ಬರೀ ಪುಸ್ತಕಕ್ಕೆ ಜನ ಸೇರಲಿಲ್ಲ. ಕೆಲವೇ ವರ್ಷಗಳಲ್ಲಿ ಬಿಯರ್ ಒಳಗೆ ಬಂತು. ಪಾದ್ರಿಯ ಆಸೆ ಮಣ್ಣುಪಾಲಾಯಿತೆಂದು ನಗಬಹುದು. ಆದರೆ ಆ ಬಿಯರಿನ ಲಾಭ ಅಂಗಡಿಯವನ ಜೇಬು ಸೇರಲಿಲ್ಲ ನೋಡಿ. ಕ್ಲಬ್ಬಿನ ಒಡೆಯರು ಸದಸ್ಯರೇ. ಆ ಹಣದಲ್ಲೇ ಮಕ್ಕಳಿಗೆ ಸಮುದ್ರತೀರದ ಪ್ರವಾಸ, ಕಾಯಿಲೆಯಿಂದ ಎದ್ದವರಿಗೆ ವಿಶ್ರಾಂತಿಗೃಹ. ಈಶಾನ್ಯ ಇಂಗ್ಲೆಂಡಿನ ಕ್ಲಬ್ಬುಗಳು 1919ರಲ್ಲಿ ಒಟ್ಟಾಗಿ ತಮ್ಮದೇ ಬಿಯರ್ ಕಾರ್ಖಾನೆ ಹೂಡಿದವು. ಆಷಿಂಗ್ಟನ್‌ನಂಥ ಕಲ್ಲಿದ್ದಲಿನ ಊರುಗಳಲ್ಲಿ ಗಣಿಗಾರರು ತಾವು ಬೆಳೆದ ಲೀಕ್ ಎಂಬ ಈರುಳ್ಳಿ ಜಾತಿಯ ತರಕಾರಿಯನ್ನು ಹೊತ್ತು ತಂದು, ಯಾರದು ದಪ್ಪ ಎಂದು ಕ್ಲಬ್ಬಿನಲ್ಲಿ ಪಂದ್ಯ ಕಟ್ಟುತ್ತಿದ್ದರು!

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಹಗಲೆಲ್ಲ ನೆಲದಡಿಯಲ್ಲಿ ಇನ್ನೊಬ್ಬರ ಅಪ್ಪಣೆಯಂತೆ ದುಡಿದವನು ಸಂಜೆ ಇಲ್ಲಿ ಸಮಿತಿಗೆ ನಿಂತ, ಲೆಕ್ಕ ಬರೆದ, ಠರಾವು ಮಂಡಿಸಿದ, ಮತ ಹಾಕಿದ. ಅದೊಂದು ಶಾಲೆಯೇ ಸರಿ. ಆ ಶಾಲೆಗೆ ಹೆಂಗಸರನ್ನು ಸೇರಿಸಿಕೊಳ್ಳಲಿಲ್ಲ ಎಂಬುದೇ ನನ್ನ ತಕರಾರು. ವಾರದ ಕೊನೆಗೆ ಗಂಡನ ಜೊತೆ ಬಂದು ಹಾಡು ಕೇಳಬಹುದಿತ್ತು, ಬಿಂಗೊ ಆಡಬಹುದಿತ್ತು, ಲೋಟ ತೊಳೆಯುವ ಕೆಲಸವಂತೂ ಸಿಗುತ್ತಿತ್ತು. ಬಹುಪಾಲು ಕ್ಲಬ್ಬುಗಳಲ್ಲಿ ಮತ ಮಾತ್ರ ಇಲ್ಲ. 1975ರ ಲಿಂಗ ತಾರತಮ್ಯ ವಿರೋಧಿ ಕಾನೂನೂ ಖಾಸಗಿ ಕ್ಲಬ್ಬುಗಳ ಹೊಸ್ತಿಲಲ್ಲೇ ನಿಂತುಬಿಟ್ಟಿತು. 1978ರಲ್ಲಿ ವೇಕ್‌ಫೀಲ್ಡಿನ ಕ್ಲಬ್ಬೊಂದು ಹೆಂಗಸರು ಸ್ನೂಕರ್ ಆಡಕೂಡದೆಂದಾಗ ಷೀಲಾ ಕ್ಯಾಪ್‌ಸ್ಟಿಕ್ ಎಂಬಾಕೆ ಪ್ರತಿಭಟನೆಗಿಳಿದರು. ಕೋಲು ಹಿಡಿಯುವ ಹಕ್ಕಿನಿಂದ ಶುರುವಾದದ್ದು ಸಮಾನ ಹಕ್ಕಿನ ಚಳವಳಿಯೇ ಆಯಿತು.

ನಾವೇನೂ ಹುಬ್ಬೇರಿಸಬೇಕಿಲ್ಲ. ನಾನು ಪಾಠ ಹೇಳಿದ ಕಾರ್ಖಾನೆ ಊರೊಂದರ ಲೇಡೀಸ್ ಕ್ಲಬ್ಬಿನಲ್ಲಿ ಅಧ್ಯಕ್ಷೆಯಾಗಲು ಚುನಾವಣೆ ಬೇಕಿರಲಿಲ್ಲ, ಗಂಡನ ಹುದ್ದೆ ಸಾಕಿತ್ತು. ಕಾರ್ಮಿಕರ ಹೆಂಡತಿಯರು ಗೇಟಿನಾಚೆ.

ಹೆಂಗಸರಿಗೆ ಇದೆಲ್ಲ ಬಾರದು ಎಂಬ ವಾದ 1984-85ರ ಗಣಿ ಮುಷ್ಕರದಲ್ಲಿ ನೆಲಕಚ್ಚಿತು. ವರ್ಷದ ಹತ್ತಿರ ಸಂಬಳವಿಲ್ಲದ ಮನೆಗಳಿಗೆ ಅವೇ ಕ್ಲಬ್ಬು, ಕ್ಷೇಮಭವನಗಳಲ್ಲಿ ಒಲೆ ಹೂಡಿ ಊಟ ಹಾಕಿದವರು, ಚಂದಾ ಎತ್ತಿದವರು, ವೇದಿಕೆ ಹತ್ತಿ ಮಾತಾಡಿದವರು ಅವರೇ. ಆಮೇಲೆ ಗಣಿಗಳು ಮುಚ್ಚಿದವು. ಆಷಿಂಗ್ಟನ್ ಗಣಿ 1988ರಲ್ಲಿ. ಕ್ಲಬ್ಬುಗಳಿಗೂ ಒಂದೊಂದಾಗಿ ಬೀಗ ಬಿತ್ತು. ಒಕ್ಕೂಟ ಹೆಂಗಸರಿಗೆ ಸಮಾನ ಸದಸ್ಯತ್ವ ಕೊಟ್ಟದ್ದು 2007ರಲ್ಲಿ. ಅಷ್ಟು ಹೊತ್ತಿಗೆ ಅನೇಕ ಊರುಗಳಲ್ಲಿ ಮತ ಹಾಕಲು ಕ್ಲಬ್ಬೇ ಉಳಿದಿರಲಿಲ್ಲ.