ಫುಟ್‌ಬಾಲ್ ಹಿಡಿದ ವಿಮಾನದಲ್ಲಿ ಎಲ್ಲರೂ

2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಯುಸಿಎಲ್‌ಎ, ಪ್ಯಾಕ್-12 ಕಾನ್ಫರೆನ್ಸ್ ಬಿಟ್ಟು ಬಿಗ್ ಟೆನ್ ಸೇರುವುದಾಗಿ ಹೇಳಿತು. ಅದೇ ಊರಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ ಜೊತೆಗೆ ಹೊರಟಿತು. ಕಾನ್ಫರೆನ್ಸ್ ಎಂದರೆ ಒಂದು ಸೀಮೆಯ ಕಾಲೇಜುಗಳು ತಮ್ಮತಮ್ಮಲ್ಲೇ ಆಡಿಕೊಳ್ಳಲು ಕಟ್ಟಿಕೊಂಡ ಕೂಟ. ಪ್ಯಾಕ್-12ರ ಬೇರು 1915ರದು. ಯುಸಿಎಲ್‌ಎ ಅಲ್ಲಿಗೆ ಬಂದದ್ದು 1928ರಲ್ಲಿ. ಬಿಗ್ ಟೆನ್ ಅಮೆರಿಕದ ನಡುನಾಡಿನದು. ಅದರ ತುದಿಯ ಸದಸ್ಯ ರಟ್ಗರ್ಸ್ ಇರುವುದು ನ್ಯೂಜೆರ್ಸಿಯಲ್ಲಿ, ಲಾಸ್ ಏಂಜಲೀಸ್‌ನಿಂದ ಸುಮಾರು 4,000 ಕಿ.ಮೀ. ಆಚೆ.

ಸಂಪ್ರದಾಯ ಮುರಿಯಿತೆಂದು ಹಲುಬಿದವರ ಜೊತೆ ನಾನು ದನಿಗೂಡಿಸಲಾರೆ. ಮೂರು ವರ್ಷಗಳಲ್ಲಿ 10 ಕೋಟಿ ಡಾಲರ್‌ಗೂ ಹೆಚ್ಚು ಕೊರತೆ ಹೊತ್ತಿದ್ದ ಕ್ರೀಡಾ ವಿಭಾಗ ಯುಸಿಎಲ್‌ಎಯದು. ಇತ್ತ ಪ್ಯಾಕ್-12 ತಾನೇ 2012ರಲ್ಲಿ ತೆರೆದ ಟಿವಿ ಜಾಲವನ್ನು ಡೈರೆಕ್ಟ್‌ಟಿವಿಯಂಥ ದೊಡ್ಡ ಸೇವೆಗೆ ಕೊನೆಯವರೆಗೂ ತಲುಪಿಸಲಾಗದೆ ಕೂತಿತ್ತು. ಅತ್ತ ಬಿಗ್ ಟೆನ್, ಇವರ ಘೋಷಣೆಯಾದ ಎರಡೇ ತಿಂಗಳೊಳಗೆ ಫಾಕ್ಸ್, ಸಿಬಿಎಸ್, ಎನ್‌ಬಿಸಿಗಳೊಂದಿಗೆ ಏಳು ವರ್ಷಕ್ಕೆ 700 ಕೋಟಿ ಡಾಲರ್ ಮೀರಿದ ಒಪ್ಪಂದ ಮಾಡಿಕೊಂಡಿತು. ಆಮೇಲೆ ಪ್ಯಾಕ್-12 ಕುಸಿದು, ಓರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದದ್ದನ್ನು ನೋಡಿದರೆ ಲೆಕ್ಕ ಹಾಕಿದವರು ದಡ್ಡರಲ್ಲ.

ತಕರಾರು ಬೇರೆಯದು. ಆ ಹಣ ಬರುವುದು ಮುಖ್ಯವಾಗಿ ಹೆಲ್ಮೆಟ್ ತೊಟ್ಟು ಆಡುವ ಅವರ ಫುಟ್‌ಬಾಲ್‌ನಿಂದ. ಫುಟ್‌ಬಾಲ್ ತಂಡಕ್ಕೆ ಋತುವಿಗೆ ಹನ್ನೆರಡು ಪಂದ್ಯ, ಹೆಚ್ಚಿನವು ಶನಿವಾರ, ಅರ್ಧದಷ್ಟು ಮನೆಯಂಗಳದಲ್ಲೇ. ದೂರ ಅವರನ್ನು ಅಷ್ಟು ಕಾಡದು. ಆದರೆ ಒಪ್ಪಂದಕ್ಕೆ ಸಹಿ ಬಿದ್ದಾಗ ಸಾಫ್ಟ್‌ಬಾಲ್, ವಾಲಿಬಾಲ್, ಟೆನಿಸ್ ಆಡುವ ಹುಡುಗಿಯರೂ ಅದೇ ಗಂಟಿನಲ್ಲಿ ಸೇರಿಹೋದರು. ಅವರಿಗೆ ಪಂದ್ಯಗಳು ಹೆಚ್ಚು, ವಾರದ ನಡುವೆಯೂ ಪ್ರಯಾಣ, ಮೂರು ಗಂಟೆಯ ಕಾಲವ್ಯತ್ಯಾಸ, ಮರುದಿನ ತರಗತಿ. ಟಿವಿಯವರಿಗೆ ಬೇಕಿದ್ದದ್ದು ಮದುಮಗ; ದಿಬ್ಬಣವೆಲ್ಲ ಸ್ವಂತ ಖರ್ಚಿನಲ್ಲಿ ಹೊರಟಿತು.

ಖರ್ಚು ಎಂಬುದು ಅಲಂಕಾರದ ಮಾತಲ್ಲ. ಕುಲಪತಿ ಜೀನ್ ಬ್ಲಾಕ್ ನಿರ್ಧಾರ ಪ್ರಕಟಿಸಿದ ಮೇಲೆ ಕ್ಯಾಲಿಫೋರ್ನಿಯಾ ಗವರ್ನರ್ ಗ್ಯಾವಿನ್ ನ್ಯೂಸಮ್ ಸಿಟ್ಟಾದರು, ವಿಶ್ವವಿದ್ಯಾಲಯದ ಆಡಳಿತ ನೋಡುವ ರೀಜೆಂಟರ ಮಂಡಳಿ ತಿಂಗಳುಗಟ್ಟಲೆ ಚರ್ಚಿಸಿತು. ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಈ ಚರ್ಚೆ ಮೊದಲೇ ಆಗಬೇಕಿತ್ತು. ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಷರತ್ತಿನೊಂದಿಗೆ: ಆಟಗಾರರ ಊಟ, ಪಾಠ, ಬಾಡಿಗೆ ವಿಮಾನಗಳಿಗೆ ಹೆಚ್ಚಿನ ಹಣ. ಜೊತೆಗೆ, ಅದೇ ಮಂಡಳಿಯ ಕೆಳಗಿರುವ, ಪ್ಯಾಕ್-12ರಲ್ಲಿ ಹಿಂದೆ ಬಿದ್ದ ಸೋದರ ಕ್ಯಾಂಪಸ್ ಬರ್ಕ್ಲಿಗೆ ಯುಸಿಎಲ್‌ಎಯಿಂದ ಪರಿಹಾರ. 2024ರಲ್ಲಿ ಅದು ಮೂರು ವರ್ಷ, ವರ್ಷಕ್ಕೆ 1 ಕೋಟಿ ಡಾಲರ್ ಎಂದು ನಿಗದಿಯಾಯಿತು. ಬರ್ಕ್ಲಿಯ ಪಾಡೂ ತಮಾಷೆಯದೇ. ಶಾಂತಸಾಗರದ ದಂಡೆಯ ಆ ಕಾಲೇಜು, ಪಕ್ಕದ ಸ್ಟ್ಯಾನ್‌ಫರ್ಡ್ ಜೊತೆ, ಈಗ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಸದಸ್ಯ.

ಬೇರೆ ದಾರಿ ಇರಲಿಲ್ಲವೆಂಬ ಸಮಜಾಯಿಷಿ ನನಗೆ ಒಪ್ಪಿಗೆಯಿಲ್ಲ. ನೋಟರ್ ಡೇಮ್ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಅನ್ನು ಯಾವ ಕೂಟಕ್ಕೂ ಕಟ್ಟದೆ, 2013ರಿಂದ ಉಳಿದ ಬಹುಪಾಲು ಆಟಗಳನ್ನು ಅಟ್ಲಾಂಟಿಕ್ ಕೋಸ್ಟ್‌ನಲ್ಲಿ ಆಡಿಸುತ್ತಿದೆ. ಯುಸಿಎಲ್‌ಎಯ ಫುಟ್‌ಬಾಲ್ ತರಬೇತುದಾರ ಚಿಪ್ ಕೆಲ್ಲಿಯೇ 2023ರ ಕೊನೆಗೆ, ಫುಟ್‌ಬಾಲ್ ಬೇರೆ ಮಾಡಿ ಉಳಿದ ಆಟಗಳನ್ನು ಹತ್ತಿರದ ಊರುಗಳಲ್ಲೇ ಇರಿಸಬೇಕೆಂದು ವಾದಿಸಿದ್ದರು. (ಕೆಲವೇ ವಾರಗಳಲ್ಲಿ ಅವರು ಬಿಗ್ ಟೆನ್‌ನ ಒಹಾಯೊ ಸ್ಟೇಟ್‌ಗೆ ಹೊರಟುಹೋದರು, ಆ ಮಾತು ಬೇರೆ.) ವಾಟರ್ ಪೋಲೊ ಮತ್ತು ಗಂಡಸರ ವಾಲಿಬಾಲ್ ಬಿಗ್ ಟೆನ್‌ನ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಯುಸಿಎಲ್‌ಎಯ ಆ ತಂಡಗಳು ಈಗಲೂ ಪಶ್ಚಿಮದ ಮೌಂಟನ್ ಪೆಸಿಫಿಕ್ ಒಕ್ಕೂಟದಲ್ಲಿ ಆಡುತ್ತಿವೆ. ಅವುಗಳಿಗೆ ಸಾಧ್ಯವಾದದ್ದನ್ನು ಸಾಫ್ಟ್‌ಬಾಲ್‌ಗೂ ದಕ್ಕಿಸಲು ವಿಶ್ವವಿದ್ಯಾಲಯ ಪಟ್ಟು ಹಿಡಿಯಬಹುದಿತ್ತು.